3 ಪೆನ್ಸ್ ತೆರಿಗೆಗೆ ಯುದ್ಧವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಹಾ ಮೇಲಿನ ತೆರಿಗೆಯಿಂದ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಯಿತು ಅಂತ ಶಾಲೆಯಲ್ಲಿ ಓದಿದ್ದೆ. ಆದರೆ 1773ರ ಕಾಯ್ದೆಯಿಂದ ಅಲ್ಲಿ ಚಹಾ ಬೆಲೆ ಇಳಿಯಿತಂತೆ. ಅಗ್ಗವಾದ ಚಹಾಕ್ಕೆ ಯಾರಾದರೂ ಯುದ್ಧ ಮಾಡುತ್ತಾರಾ?

ಉತ್ತರ: ಬೆಲೆ ಇಳಿದದ್ದು ನಿಜ. ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿತ್ತು, ಅದರ ಗೋದಾಮುಗಳಲ್ಲಿ ಚಹಾ ರಾಶಿ ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ಮಾರಲು ಬ್ರಿಟನ್ ಸರ್ಕಾರ ಅವಕಾಶ ಕೊಟ್ಟಿತು, ಆದರೆ ಒಂದು ಪೌಂಡು ತೂಕಕ್ಕೆ 3 ಪೆನ್ಸ್ ತೆರಿಗೆ ಮಾತ್ರ ಹಾಗೇ ಉಳಿಸಿಕೊಂಡಿತು. ಅಲ್ಲಿನ ಜನರ ಕಣ್ಣಿಗೆ ಬಿದ್ದದ್ದು ಆ 3 ಪೆನ್ಸ್. ಆ ಚಹಾ ಕೊಂಡರೆ ತೆರಿಗೆ ಕಟ್ಟಿದ ಹಾಗಾಯಿತು, ಕಟ್ಟಿದರೆ ನಮ್ಮ ಜೇಬಿಗೆ ಕೈ ಹಾಕುವ ಹಕ್ಕು ಲಂಡನ್ನಿನ ಪಾರ್ಲಿಮೆಂಟಿಗೆ ಇದೆ ಅಂತ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಆ ಪಾರ್ಲಿಮೆಂಟಿನಲ್ಲಿ ಅವರು ಆರಿಸಿ ಕಳಿಸಿದ ಒಬ್ಬ ಸದಸ್ಯನೂ ಇರಲಿಲ್ಲ.

ಈ ಜಗಳಕ್ಕೆ ಚಹಾಕ್ಕಿಂತ ಹತ್ತು ವರ್ಷ ಜಾಸ್ತಿ ವಯಸ್ಸಾಗಿತ್ತು. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಸಾಲ ಮಾತ್ರ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಅಮೆರಿಕದ ಕಾವಲಿಗೆ ಅಲ್ಲೇ ಸೈನ್ಯ ಇಡಬೇಕು, ಅದರ ಖರ್ಚಿನಲ್ಲಿ ಒಂದು ಪಾಲು ಅಲ್ಲಿನವರೂ ಕೊಡಲಿ ಅಂತ ಲಂಡನ್ ಯೋಚಿಸಿತು. ಅವರ ಕಡೆಯಿಂದ ನೋಡಿದರೆ ಇದು ಅನ್ಯಾಯ ಅಂತಲೂ ಅನಿಸಿರಲಿಲ್ಲ. 1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಕೋರ್ಟಿನ ಕಾಗದ, ಪತ್ರಿಕೆ, ಇಸ್ಪೀಟು ಎಲೆ, ಎಲ್ಲಕ್ಕೂ ಸ್ಟಾಂಪು. ಇದರ ಬಿಸಿ ಮೊದಲು ತಟ್ಟಿದ್ದು ವಕೀಲರಿಗೆ ಮತ್ತು ಪತ್ರಿಕೆ ಅಚ್ಚು ಹಾಕುವವರಿಗೆ, ಅಂದರೆ ಊರಲ್ಲಿ ಚೆನ್ನಾಗಿ ಮಾತಾಡಬಲ್ಲವರಿಗೆ ಮತ್ತು ಆ ಮಾತನ್ನು ಎಲ್ಲ ಊರಿಗೂ ಮುಟ್ಟಿಸಬಲ್ಲವರಿಗೆ! ಬಾಸ್ಟನ್‌ನಲ್ಲಿ ಸ್ಟಾಂಪು ಹಂಚಬೇಕಿದ್ದ ಅಧಿಕಾರಿಯ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿದರು, ಆತ ಹೆದರಿ ಕೆಲಸ ಬಿಟ್ಟ. ಅದೇ ವರ್ಷ, ಅಮೆರಿಕದಲ್ಲಿ ಬ್ರಿಟನ್ ಕೈಕೆಳಗಿದ್ದ ಹದಿಮೂರು ವಸಾಹತುಗಳಲ್ಲಿ ಒಂಬತ್ತರ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿದರು. 1766ರಲ್ಲಿ ಪಾರ್ಲಿಮೆಂಟು ಕಾಯ್ದೆ ಹಿಂದಕ್ಕೆ ತೆಗೆದುಕೊಂಡಿತು. ಆದರೆ ಅದರ ಜೊತೆಗೇ, ನಿಮ್ಮ ಮೇಲೆ ಯಾವ ಕಾನೂನು ಬೇಕಾದರೂ ಮಾಡುವ ಅಧಿಕಾರ ನಮಗಿದೆ ಅಂತ ಇನ್ನೊಂದು ಕಾಯ್ದೆ ಮಾಡಿಟ್ಟಿತು. ಗಾಯ ಕಟ್ಟುವಾಗ ಮುಳ್ಳನ್ನು ಒಳಗೇ ಬಿಟ್ಟ ಹಾಗೆ.

ಪ್ರಶ್ನೆ: ಹಾಗಾದರೆ ಅಸಮಾಧಾನ ಯಾವ ಹಂತದಲ್ಲಿ ಯುದ್ಧವಾಯಿತು? ಒಂದು ದಿನ, ಒಂದು ಘಟನೆ ಅಂತ ಹೇಳಬಹುದಾ?

ಉತ್ತರ: ಗುಂಡು ಹಾರಿದ ದಿನ ಬೇಕಾದರೆ 1775ರ ಏಪ್ರಿಲ್ 19. ಆದರೆ ನನ್ನನ್ನು ಕೇಳಿದರೆ ಯುದ್ಧ ತಪ್ಪಿಸುವ ದಾರಿ ಮುಚ್ಚಿಹೋದದ್ದು ಅದರ ಹಿಂದಿನ ವರ್ಷ, ಬಾಸ್ಟನ್ನಿಗೆ ಲಂಡನ್ ಶಿಕ್ಷೆ ಕೊಟ್ಟಾಗ.

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ತೆರಿಗೆ ವಿರೋಧಿಗಳು ಮೂರು ಹಡಗು ಹತ್ತಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರಲ್ಲ, ಅದನ್ನು ಅಮೆರಿಕದಲ್ಲೇ ಎಷ್ಟೋ ಜನ ಮೆಚ್ಚಲಿಲ್ಲ. ಬೇರೆಯವರ ಸರಕು ಹಾಳು ಮಾಡಿದ್ದು ತಪ್ಪು, ದುಡ್ಡು ಕಟ್ಟಿಕೊಡಿ ಅಂದವರಲ್ಲಿ ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಇದ್ದ. ಲಂಡನ್ ಸ್ವಲ್ಪ ತಾಳಿದ್ದರೆ ಬಾಸ್ಟನ್ ಒಂಟಿಯಾಗುತ್ತಿತ್ತು ಅಂತ ನನಗೆ ಅನಿಸುತ್ತದೆ. ತಾಳಲಿಲ್ಲ. 1774ರ ಜೂನ್‌ನಿಂದ ಬಂದರಿಗೇ ಬೀಗ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ ವಸಾಹತಿನ ಜನ ಗವರ್ನರ್ ಅಪ್ಪಣೆಯಿಲ್ಲದೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಊರ ಸಭೆ ಸೇರುವಂತಿಲ್ಲ. ಚಹಾ ಚೆಲ್ಲಿದವರು ಕೆಲವರು, ಕೂಲಿ ಕಳೆದುಕೊಂಡದ್ದು ಬಂದರಿನಲ್ಲಿ ದುಡಿಯುವ ಎಲ್ಲರೂ.

ಆವರೆಗೆ ಹದಿಮೂರು ವಸಾಹತುಗಳು ಒಂದಕ್ಕೊಂದು ಅಷ್ಟೇನೂ ಹೊಂದಿಕೊಂಡವಲ್ಲ. ಗಡಿ ಜಗಳ, ಪಂಥದ ಜಗಳ, ಎಲ್ಲವೂ ಇತ್ತು. ಬಾಸ್ಟನ್ನಿಗೆ ಬೀಗ ಬಿದ್ದ ಸುದ್ದಿ ಕೇಳಿ ಸೌತ್ ಕ್ಯಾರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿ ಮಂದೆ ಬಂತು. ಇವತ್ತು ಅವರಿಗೆ, ನಾಳೆ ನಮಗೆ ಅನ್ನುವ ಭಯ ಎಲ್ಲರಿಗೂ ಹತ್ತಿತ್ತು. ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಜಾರ್ಜಿಯಾ ಬಿಟ್ಟು ಉಳಿದ ಹನ್ನೆರಡೂ ಸೇರಿದವು, ಬ್ರಿಟಿಷ್ ಸರಕು ಬೇಡ ಅಂದವು. ಇದನ್ನು ನೋಡಿಕೊಳ್ಳಲು ಊರೂರಲ್ಲಿ ಸಮಿತಿಗಳಾದವು. ಯಾವ ಅಂಗಡಿಯಲ್ಲಿ ಏನು ಮಾರುತ್ತಿದ್ದಾರೆ ಅಂತ ಲೆಕ್ಕ ಇಡುವ ಈ ಸಮಿತಿಗಳ ಕೈಗೇ ನಿಧಾನವಾಗಿ ಅಧಿಕಾರ ಬಂತು. ಕವಾಯತು ಶುರುವಾಯಿತು, ಮದ್ದುಗುಂಡು ಕೂಡಿಡುವುದು ಶುರುವಾಯಿತು. ಆ ದಾಸ್ತಾನು ಹಿಡಿಯಲು ಬಾಸ್ಟನ್ ಹತ್ತಿರದ ಕಾಂಕರ್ಡಿಗೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ದಾರಿಯಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಬಂದೂಕು ಹಿಡಿದ ರೈತರು ಎದುರಾದರು. ಮೊದಲ ಗುಂಡು ಯಾರದ್ದು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಅಲ್ಲಿ ಎಂಟು ಜನ ಸತ್ತರು.

ಅಷ್ಟಾದರೂ ವಸಾಹತುಗಳ ಪ್ರತಿನಿಧಿಗಳು 1775ರ ಜುಲೈನಲ್ಲಿ ಬ್ರಿಟನ್ ದೊರೆ ಮೂರನೇ ಜಾರ್ಜ್‌ಗೆ ರಾಜಿ ಕೇಳಿ ಅರ್ಜಿ ಕಳಿಸಿದರು. ದೊರೆ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ, ಇವರನ್ನು ದಂಗೆಕೋರರು ಅಂತ ಸಾರಿದ. 1776ರ ಜನವರಿಯಲ್ಲಿ ಥಾಮಸ್ ಪೇಯ್ನ್ ಬರೆದ ಪುಟ್ಟ ಪುಸ್ತಕ, ದೊರೆಯೇ ಯಾಕೆ ಬೇಕು ಅಂತ ಸಾಮಾನ್ಯ ಜನರ ಮಾತಿನಲ್ಲಿ ಕೇಳಿತು. ಜುಲೈ 4ಕ್ಕೆ ಸ್ವಾತಂತ್ರ್ಯ ಘೋಷಣೆ.

ಪ್ರಶ್ನೆ: ಎಲ್ಲರೂ ಸ್ವಾತಂತ್ರ್ಯ ಬೇಕು ಅಂದರಾ?

ಉತ್ತರ: ಇಲ್ಲ. ದೊರೆಯ ಪಕ್ಷ ಹಿಡಿದವರು ಬಹಳ ಜನ, ಸಾವಿರಾರು ಕುಟುಂಬಗಳು ಕೆನಡಾಕ್ಕೂ ಇಂಗ್ಲೆಂಡಿಗೂ ಹೊರಟುಹೋದವು. 1775ರಲ್ಲಿ ವರ್ಜೀನಿಯಾದ ಗವರ್ನರ್, ಬಂಡಾಯಗಾರರ ಗುಲಾಮರು ನಮ್ಮ ಸೈನ್ಯ ಸೇರಿದರೆ ಬಿಡುಗಡೆ ಅಂತ ಸಾರಿದಾಗ ನೂರಾರು ಜನ ಓಡಿ ಬಂದರು. ಅವರಿಗೆ ಸ್ವಾತಂತ್ರ್ಯ ಕಂಡದ್ದು ಬ್ರಿಟಿಷರ ಕಡೆ. ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ ಜೆಫರ್ಸನ್ ಮನೆಯಲ್ಲೂ ಗುಲಾಮರಿದ್ದರು, ಇದನ್ನು ಬಿಟ್ಟು ಈ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಮನೆಗಳೂ ಒಡೆದವು. ಫ್ರಾಂಕ್ಲಿನ್ ಘೋಷಣೆಗೆ ಸಹಿ ಹಾಕಿದ. ಅವನ ಮಗ ವಿಲಿಯಂ ನ್ಯೂಜೆರ್ಸಿಯ ಗವರ್ನರ್, ಕೊನೆವರೆಗೂ ದೊರೆಯ ಕಡೆಯೇ ಉಳಿದ, ಜೈಲಿಗೂ ಹೋದ. ಯುದ್ಧ ಮುಗಿದ ಮೇಲೆ 1785ರಲ್ಲಿ ಸೌತಾಂಪ್ಟನ್‌ನಲ್ಲಿ ಅಪ್ಪ ಮಗ ಒಮ್ಮೆ ಭೇಟಿಯಾದರು. ಆಮೇಲೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ.