‘ಕನ್ನಡದಲ್ಲಿ ಹಾಗೆ ಅನ್ನಲ್ಲ ಮೇಡಂ’

ಪುಕ್ಕಟೆಯಾಗಿ ತಂತ್ರಾಂಶ ನೋಡಿಕೊಳ್ಳುತ್ತಾ, ಆನ್‌ಲೈನ್‌ನಲ್ಲಿ ಯಾರನ್ನೋ ಬೈದು, ಆಮೇಲೆ ನೆಮ್ಮದಿ ಕೆಟ್ಟು ನನ್ನ ಬಳಿ ಸಲಹೆಗೆ ಬಂದವರಲ್ಲಿ ಇವರು ಮೂರನೆಯವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹಗಲು ಕಂಪನಿ ಕೆಲಸ. ರಾತ್ರಿ, ಸಂಬಳವಿಲ್ಲದೆ, ಒಂದು ಓಪನ್ ಸೋರ್ಸ್ ತಂತ್ರಾಂಶದ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದದ್ದು) ಉಸ್ತುವಾರಿ. ನಿದ್ದೆ ಬರುತ್ತಿಲ್ಲವೆಂದು ಬಂದರು. ಕೊರೆಯುತ್ತಿದ್ದದ್ದು ಬೇರೆ. ಹೊಸ ಹುಡುಗನೊಬ್ಬ ಕಳಿಸಿದ ಪ್ಯಾಚ್‌ಗೆ, ಅಂದರೆ ಕೋಡ್ ತಿದ್ದುಪಡಿಗೆ, ಇವರು ಎಲ್ಲರೆದುರು ಉತ್ತರ ಕೊಟ್ಟಿದ್ದರು. ಅದನ್ನು ಓದಿ ಜೊತೆಗಾರರಿಬ್ಬರು ಮಾತು ಬಿಟ್ಟಿದ್ದರು.

“ಪುಕ್ಕಟೆ ದುಡಿಯೋನು ಸಿಹಿಯಾಗಿಯೂ ಮಾತಾಡಬೇಕಾ ಮೇಡಂ? ಲಿನಸ್ ಟೊರ್ವಾಲ್ಡ್ಸ್ ಬೈದು ಬೈದೇ ಲಿನಕ್ಸ್ ಕಟ್ಟಿದ್ರು.”

ಈ ವಾದ ನನಗೆ ಬಾಯಿಪಾಠ. ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ ಅದೇ ಲಿನಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಒರಟು ಮಾತಿಗೆ ಬಹಿರಂಗವಾಗಿ ಕ್ಷಮೆ ಕೇಳಿ ಬಿಡುವು ತೆಗೆದುಕೊಂಡರು. ಅಕ್ಟೋಬರ್‌ನಲ್ಲಿ ಲಿನಕ್ಸ್‌ನ 4.19 ಆವೃತ್ತಿಯನ್ನು ಅವರ ಜೊತೆಗಾರ ಗ್ರೆಗ್ ಕ್ರೋ-ಹಾರ್ಟ್‌ಮನ್ ಹೊರತಂದರು. ಲಿನಕ್ಸ್ ನಿಲ್ಲಲಿಲ್ಲ ಅಲ್ವಾ ಎಂದೆ. ನಕ್ಕರು, ಒಪ್ಪಲಿಲ್ಲ.

ಮೂರನೇ ಭೇಟಿಯಲ್ಲಿ ಆ ಇಂಗ್ಲಿಷ್ ಉತ್ತರವನ್ನು ಕನ್ನಡದಲ್ಲಿ ಹೇಳಿ ಎಂದೆ. ಫೋನ್ ತೆಗೆದರು. ಮೊದಲ ನಾಲ್ಕು ಸಾಲು ಸರಾಗ: ಮೆಮೊರಿ ಬಿಡುಗಡೆಯಾಗುತ್ತಿಲ್ಲ, ಟೆಸ್ಟ್ ಬರೆದಿಲ್ಲ. ಐದನೆಯ ಸಾಲಿಗೆ ನಿಂತರು. “ನಿನ್ನಂಥವರಿಗೆ... ಅಲ್ಲ, ನಿಮ್ಮಂಥವರಿಗೆ ಕೀಬೋರ್ಡ್ ಕೊಟ್ಟವರು...” ಅಷ್ಟಕ್ಕೇ ಫೋನ್ ಮಗುಚಿಟ್ಟರು.

“ಕನ್ನಡದಲ್ಲಿ ಹಾಗೆ ಯಾರಿಗೂ ಅನ್ನಲ್ಲ ಮೇಡಂ ನಾನು.”

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: “ಅವನು ಕಾಲೇಜ್ ಹುಡುಗ ಅಂತ ಪ್ರೊಫೈಲಲ್ಲಿತ್ತು. ನೋಡೇ ಬರೆದಿದ್ದೆ.”

ನಾನು ಕೊಟ್ಟ ಸಲಹೆ ಸಣ್ಣದು. ಪ್ಯಾಚ್ ಬೇಡವೆಂದರೆ ಬೇಡ, ಕಾರಣ ಬರೆಯಿರಿ. ಕೋಡ್ ಬಿಟ್ಟು ಮನುಷ್ಯನ ಮೇಲೆ ಹೋಗುವ ಸಾಲನ್ನು ಅಳಿಸಿ. ರಾತ್ರಿ ಹನ್ನೊಂದರ ಮೇಲೆ ಯಾರಿಗೂ ಉತ್ತರ ಬೇಡ. ‘ಈ ತಿಂಗಳು ಆಗಲ್ಲ’ ಎನ್ನುವುದು ಒರಟುತನವಲ್ಲ. ಬೈದದ್ದು ಎಲ್ಲರೆದುರು, ಹಾಗಾಗಿ ಕ್ಷಮೆಯೂ ಅಲ್ಲೇ.

ದಣಿದವನ ತಲೆಗೇ ಇನ್ನೊಂದು ಹೊರೆ ಕಟ್ಟಿದಿರಿ ಎಂದು ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ದಣಿವು ನಿಜ. ಪುಕ್ಕಟೆ ಬಳಸುವವರ ದಬಾವಣೆಯೂ ನಿಜ, ಅದನ್ನು ಇವರ ಇನ್‌ಬಾಕ್ಸ್‌ನಲ್ಲೇ ನೋಡಿದ್ದೇನೆ. ಆದರೆ ಆ ಹುಡುಗನೂ ಸಂಬಳಕ್ಕೆ ಬಂದವನಲ್ಲ. ಕಂಪನಿಯಲ್ಲಾದರೆ ಜನ ಬೈಸಿಕೊಂಡೂ ಉಳಿಯುತ್ತಾರೆ, ಇಎಂಐ ಇರುತ್ತದೆ. ಇಲ್ಲಿ ಸುಮ್ನೆ ಎದ್ದು ಹೋಗುತ್ತಾರೆ. ಇಂಥ ಉತ್ತರ ಓದಿ ಇಲ್ಲಿಗೆ ಬರುವುದನ್ನೇ ಕೈಬಿಟ್ಟವರ ಲೆಕ್ಕ ಸಿಗುವುದೂ ಇಲ್ಲ.

ಕ್ಷಮೆಯ ಕರಡು ತಂದರು, ಒಂದೂವರೆ ಪುಟ. ಅದರಲ್ಲಿ ಒಂದು ಪುಟ ತಾನೆಷ್ಟು ದಣಿದಿದ್ದೆ ಎಂಬುದೇ. ಅದನ್ನು ಇಬ್ಬರೂ ಕೂತು ಹೊಡೆದುಹಾಕಿದೆವು. ಕೊನೆಗೆ ಮೂರು ಸಾಲು ಉಳಿಯಿತು, ಅದನ್ನು ಹಾಕಿದರು. ಹುಡುಗ ಇನ್ನೂ ಉತ್ತರಿಸಿಲ್ಲ.