ಬಹದ್ದೂರ್ ಷಾ ಜಫರ್: ಮಕ್ಕಳ ತಲೆ, ಕಳೆದುಹೋದ ಗೋರಿ

ಮಕ್ಕಳ ತಲೆಗಳನ್ನು ತಟ್ಟೆಯಲ್ಲಿಟ್ಟು ಕೊನೆಯ ಮೊಘಲ್ ಬಾದಶಹ ಬಹದ್ದೂರ್ ಷಾ ಜಫರ್‌ಗೆ ತೋರಿಸಿದ್ದು ನಿಜವೇ, ರಂಗೂನಿನ ಗೋರಿ ಅವರದ್ದೇನಾ ಎಂದು ಕೇಳಿದ್ದೀರಿ.

ತಲೆಗಳ ಕಥೆಯನ್ನು ನಾನು ನಂಬುವುದಿಲ್ಲ. ಜಫರ್ ಬ್ರಿಟಿಷರಿಗೆ ಶರಣಾದ ಮೇಲೆ, 1857ರ ಸೆಪ್ಟೆಂಬರ್ 22ರಂದು, ಬ್ರಿಟಿಷ್ ಸೇನಾಧಿಕಾರಿ ಹಾಡ್ಸನ್ ಜಫರ್‌ರ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಗುಂಡಿಟ್ಟು ಕೊಂದದ್ದು ನಿಜ. ಶವಗಳನ್ನು ದೆಹಲಿಯ ಚಾಂದನಿ ಚೌಕದ ಕೊತ್ವಾಲಿ (ಪೊಲೀಸ್ ಠಾಣೆ) ಎದುರು ಹಾಕಿದ್ದೂ ನಿಜ. ತಟ್ಟೆಯ ಮಾತಿಗೆ ಮಾತ್ರ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ. ನಡೆದದ್ದೇ ಸಾಕಷ್ಟು ಕ್ರೂರ, ಅಲ್ವಾ? ಸುಮ್ನೆ ಮಸಾಲೆ ಯಾಕೆ?

ಗೋರಿಯ ವಿಷಯ ಜಾಸ್ತಿ ಕುತೂಹಲದ್ದು. ಬ್ರಿಟಿಷರು ಗಡಿಪಾರು ಮಾಡಿದ್ದ ರಂಗೂನಿನಲ್ಲೇ 1862ರ ನವೆಂಬರ್ 7ರ ಬೆಳಗ್ಗೆ ಜಫರ್ ತೀರಿಕೊಂಡರು. ಅದೇ ದಿನ ಸಂಜೆಯೊಳಗೆ ಹೂತು, ಮೇಲೆ ಹುಲ್ಲಿನ ಹೆಂಟೆ ಮುಚ್ಚಿದರು. ಸುತ್ತಲಿನ ಬಿದಿರಿನ ಬೇಲಿ ಹಾಳಾಗುವಷ್ಟರಲ್ಲಿ ಗುರುತೇ ಉಳಿಯಬಾರದು ಎಂಬುದು ಕಾವಲಿನ ಅಧಿಕಾರಿ ಡೇವಿಸ್‌ನ ಲೆಕ್ಕ. ಜಾಗ ಮರೆತೇ ಹೋಯಿತು. ಮುಂದೆ ಊಹೆಯ ಮೇಲೆ ಅಲ್ಲೊಂದು ಕಲ್ಲು ನೆಟ್ಟರು. 1991ರಲ್ಲಿ ಚರಂಡಿಗೆ ಅಗೆಯುವಾಗ ಇಟ್ಟಿಗೆ ಕಟ್ಟಿದ ಗೋರಿ ಸಿಕ್ಕಿತು. ಅದು ಅವರದ್ದೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಈಗಿನ ದರ್ಗಾದಲ್ಲಿ ಜನ ಹೂ ಹಾಕುವುದು ಮೇಲಿನ ಗುರುತಿನ ಗೋರಿಗೂ ಹೌದು, ಅಗೆದಾಗ ಸಿಕ್ಕ ಕೆಳಗಿನದಕ್ಕೂ ಹೌದು.