ಹಳೇ ಶೈಲಿಯ ಬೈಕ್‌ಗಳ ಮೋಹ ಇನ್ನೂ ಯಾಕೆ ಇಳಿದಿಲ್ಲ? ಬೈಕಿನ ಪಕ್ಕಕ್ಕೆ ಕಟ್ಟುವ ಒಂಟಿ ಚಕ್ರದ ಸೈಡ್‌ಕಾರ್ ಕೊಡಗಿನ ರಸ್ತೆಗೆ ಆಗುತ್ತದೆಯೇ?

ನೆನಪು ಒಂದು ಕಾರಣ, ನಿಜ. ಕೊಡಗಿನಲ್ಲಿ ಅದು ಸ್ವಲ್ಪ ಜಾಸ್ತಿಯೇ. ಸೈನ್ಯಕ್ಕೆ ಹೋದವರು ಇಲ್ಲಿ ಬಹಳ, ಬುಲೆಟ್ ಸೈನ್ಯ ಮೆಚ್ಚಿದ ಗಾಡಿ. ಇನ್ನು ಜಾವಾ, ಯೆಜ್ಡಿ ತಯಾರಾಗುತ್ತಿದ್ದದ್ದು ಪಕ್ಕದ ಮೈಸೂರಿನಲ್ಲೇ, 1996ರವರೆಗೆ.

ಆದರೆ ಆ ನೆನಪು ಇಲ್ಲದ ಹುಡುಗರೂ ಇವನ್ನೇ ಕೊಳ್ಳುತ್ತಾರಲ್ಲ! ನನ್ನ ಪ್ರಕಾರ ಅಸಲಿ ಕಾರಣ ಎಂಜಿನ್. ಈಗಿನ ಬುಲೆಟ್ 350ರ ಪವರ್ ಬರೀ 20 ಬಿಎಚ್‌ಪಿ. 200 ಸಿಸಿ ಬೈಕ್‌ಗಳೂ ಇದನ್ನು ಹಿಂದೆ ಹಾಕುತ್ತವೆ. ಆದರೆ 27 ಎನ್‌ಎಂ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 4000 ಆರ್‌ಪಿಎಂನಲ್ಲೇ (ನಿಮಿಷಕ್ಕೆ 4000 ಸುತ್ತು) ಸಿಗುತ್ತದೆ, ಎಂಜಿನ್ನನ್ನು ಜೋರಾಗಿ ತಿರುಗಿಸಬೇಕಿಲ್ಲ. ಮಡಿಕೇರಿ-ಭಾಗಮಂಡಲ ರಸ್ತೆಯಂಥ ತಿರುವುಗಳಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಪದೇ ಪದೇ ಗೇರ್ ಬದಲಿಸದೆ ಹತ್ತಬಹುದು. ಅಲ್ಲಿ ನೂರರ ವೇಗ ಯಾರಿಗೆ ಬೇಕು, ಅಲ್ವಾ?

ಸೈಡ್‌ಕಾರ್ ಬೇರೆಯೇ ಕಥೆ. ಅದನ್ನು ಕಟ್ಟಿದ ಬೈಕ್ ವಾಲುವುದಿಲ್ಲ, ಹ್ಯಾಂಡಲ್ ತಿರುಗಿಸಿಯೇ ಓಡಿಸಬೇಕು. ನಮ್ಮಲ್ಲಿ ಅದು ಎಡಕ್ಕಿರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬೈಕಿನ ಬ್ರೇಕ್ ಹಿಡಿದರೆ ಬಲಕ್ಕೆ. ಎಡ ತಿರುವಿನಲ್ಲಿ ಜೋರಾಗಿ ಹೋದರೆ ಖಾಲಿ ಸೈಡ್‌ಕಾರಿನ ಚಕ್ರ ಮೇಲೇಳುತ್ತದೆ. ಸಂಪಾಜೆ ಘಾಟಿಯಲ್ಲಿ, ಅದೂ ಮಳೆಗಾಲದಲ್ಲಿ, ಇದನ್ನು ಕಲಿಯಲು ಹೋಗಬೇಡಿ. ಮೊದಲು ಕುಶಾಲನಗರದ ಸಮತಟ್ಟು ಜಾಗದಲ್ಲಿ, ಸೈಡ್‌ಕಾರಿಗೆ ಒಂದು ಮೂಟೆ ಮರಳು ಹಾಕಿಕೊಂಡು ಅಭ್ಯಾಸ ಮಾಡಿ. ಹೊಸದಾಗಿ ಕಟ್ಟಿಸುವುದಾದರೆ ಮೊದಲೇ ಆರ್‌ಟಿಒ ಒಪ್ಪಿಗೆ ತೆಗೆದುಕೊಳ್ಳಿ.